ಹಳೆಯ ಕಾರಿನ ಹಂತಹಂತದ ಜೀರ್ಣೋದ್ಧಾರ: ಬಿಚ್ಚುವ ಮೊದಲು ತಿಳಿಯಬೇಕಾದ ಪಾಠ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ಅರ್ಥವನ್ನು ಮಣ್ಣಿನ ಕೆಲಸಕ್ಕೆ ಹೆಸರಾದ ಖಾನಾಪುರದವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಹಳೆಯ ಕಾರುಗಳ ಜೀರ್ಣೋದ್ಧಾರಕ್ಕೂ ಈ ಗಾದೆ ಅಕ್ಷರಶಃ ಅನ್ವಯಿಸುತ್ತದೆ. ಒಂದು ಕಾರನ್ನು ಪೂರ್ತಿಯಾಗಿ ಬಿಚ್ಚಿ ಹಾಕಲು ಇಬ್ಬರಿಗೆ ಎರಡು ಭಾನುವಾರಗಳು ಸಾಕು. ಅದನ್ನು ಮತ್ತೆ ಜೋಡಿಸಿ ರಸ್ತೆಗೆ ತರಲು ಹಲವು ವರ್ಷಗಳು ಬೇಕಾಗುತ್ತವೆ. ಎಷ್ಟೋ ಕಾರುಗಳು ರಸ್ತೆಗೆ ಬರುವುದೇ ಇಲ್ಲ. ಗೋದಾಮಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಬಿಡಿಭಾಗಗಳ ರಾಶಿಯಾಗಿ ಉಳಿದ ಕಾರು ಕೊನೆಗೆ ಗುಜರಿಯ ತೂಕಕ್ಕೆ ಹೋಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಖಾನಾಪುರದ ಹೆಂಚಿನ ವ್ಯಾಪಾರಿಯೊಬ್ಬರು ವ್ಯಾಪಾರ ಕೈಹಿಡಿದ ಕಾಲದಲ್ಲಿ, 1990ರ ದಶಕದ ಆರಂಭದಲ್ಲಿ, ಒಂದು ಕಾಂಟೆಸ್ಸಾ ಕಾರನ್ನು ಕೊಂಡಿದ್ದರು. ಅವರ ಕಾಲಾನಂತರ ಕಾರು ಗೋದಾಮಿನಲ್ಲಿಯೇ ನಿಂತಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಯಂತ್ರಾಗಾರವನ್ನು ನಡೆಸುತ್ತಿರುವ ಮಗ, ತಂದೆಯ ಕಾರನ್ನು ಮನೆಯಲ್ಲಿಯೇ ನಿಧಾನವಾಗಿ ಸರಿಪಡಿಸಬೇಕೆಂದು ಯೋಚಿಸುತ್ತಾರೆ. ಲೇತ್ ಇದೆ, ಮಿಲ್ಲಿಂಗ್ ಯಂತ್ರವಿದೆ, ಪರಿಚಯದ ಫೌಂಡ್ರಿಗಳಿವೆ. ಕೌಶಲ್ಯದ ಕೊರತೆಯಿಲ್ಲ. ಆದರೂ ಇಂತಹ ಕೆಲಸ ಹಾಳಾಗುವುದು ಕೌಶಲ್ಯದ ಕೊರತೆಯಿಂದಲ್ಲ, ಕ್ರಮದ ಕೊರತೆಯಿಂದ. ಈ ಲೇಖನದ ಒಟ್ಟು ಸಾರಾಂಶವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಮುಂದಿನ ಮಳೆಗಾಲದೊಳಗೆ ಮುಚ್ಚಲು ಸಾಧ್ಯವಿರುವಷ್ಟನ್ನು ಮಾತ್ರ ಬಿಚ್ಚಬೇಕು.

ಯಾವ ಕಾರುಗಳು

ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1984ರಿಂದ 2002ರವರೆಗೆ ಕಾಂಟೆಸ್ಸಾವನ್ನು ತಯಾರಿಸಿತು. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ವಿನ್ಯಾಸವೇ ಇದರ ಮೂಲ. ಆರಂಭದಲ್ಲಿ ಅಂಬಾಸಿಡರ್ ಕಾರಿನ 1489 ಸಿಸಿ ಎಂಜಿನನ್ನು ಅಳವಡಿಸಲಾಗಿತ್ತು. ಭಾರವಾದ ದೇಹಕ್ಕೆ ಅದು ಸಾಲದಾಗಿತ್ತು. ಅನಂತರ ಬಂದ ಇಸುಜು 1817 ಸಿಸಿ ಎಂಜಿನು ಮತ್ತು ಐದು ಗೇರುಗಳ ಪೆಟ್ಟಿಗೆ ಈ ಕಾರನ್ನು ಆ ಕಾಲದ ವೇಗದ ಕಾರುಗಳ ಸಾಲಿಗೆ ಸೇರಿಸಿದವು.

ಕರ್ನಾಟಕದ್ದೇ ಆದ ಉದಾಹರಣೆಯೂ ಇದೆ. ಬೆಂಗಳೂರಿನ ಸಿಪಾನಿ ಸಂಸ್ಥೆಯು 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಕಾರಿಗೆ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧಾರವಾಗಿತ್ತು. 848 ಸಿಸಿಯ ಅಲ್ಯೂಮಿನಿಯಂ ಎಂಜಿನು, ಉಕ್ಕಿನ ಚಾಸಿಸ್ಸಿನ ಮೇಲೆ ಫೈಬರ್‌ಗ್ಲಾಸಿನ ದೇಹ. ತೂಕ ಕಡಿಮೆಯಿದ್ದುದರಿಂದ ರ‍್ಯಾಲಿ ಸ್ಪರ್ಧಿಗಳು ಇದನ್ನು ಮೆಚ್ಚಿದರು. ಈ ಎರಡು ಕಾರುಗಳೂ ಒಂದು ಪಾಠವನ್ನು ಕಲಿಸುತ್ತವೆ. ಕಾಂಟೆಸ್ಸಾದಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ದೇಹವೇ ಭಾರವನ್ನು ಹೊರುತ್ತದೆ. ಆದುದರಿಂದ ಅಲ್ಲಿ ತುಕ್ಕು ಎಂದರೆ ಅಂದಗೇಡಲ್ಲ, ಅಸ್ಥಿಭಂಗ. ಡಾಲ್ಫಿನ್ನಿನ ಹೊರದೇಹಕ್ಕೆ ತುಕ್ಕು ಹಿಡಿಯುವುದೇ ಇಲ್ಲ. ಆ ನಿರ್ಮಲ ಮುಖವೇ ಒಳಗಿನ ಚಾಸಿಸ್ಸಿನ ತುಕ್ಕನ್ನು ಮರೆಮಾಡುತ್ತದೆ. ಹೊರಗಿನ ಬಣ್ಣವನ್ನು ನೋಡಿ ಕಾರಿನ ಸ್ಥಿತಿಯನ್ನು ನಿರ್ಣಯಿಸಬಾರದು.

ಮೊದಲು ಕಾಗದಪತ್ರ, ಅನಂತರ ಸ್ಪ್ಯಾನರ್

ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆಗಳು ಕಾರಿನ ಮೇಲೆ ಕೊರೆದ ಸಂಖ್ಯೆಗಳಿಗೆ ತಾಳೆಯಾಗುತ್ತವೆಯೇ ಎಂಬುದನ್ನು ಮೊದಲ ದಿನವೇ ಪರೀಕ್ಷಿಸಬೇಕು. ತಾಳೆಯಾಗದಿದ್ದರೆ ಅದು ಇತ್ಯರ್ಥವಾಗುವವರೆಗೆ ಒಂದು ರೂಪಾಯಿಯನ್ನೂ ವೆಚ್ಚ ಮಾಡಬಾರದು. ತಂದೆಯ ಹೆಸರಿನಲ್ಲಿರುವ ವಾಹನವನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವುದು, ಹಳೆಯ ಸಾಲದ ನಮೂದು ಉಳಿದಿದ್ದರೆ ತೆಗೆಸುವುದು ಇವೆಲ್ಲವೂ ಈ ಹಂತದ ಕೆಲಸಗಳೇ.

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಸೀಮಿತ. ಅನಂತರ ತಪಾಸಣೆಯಲ್ಲಿ ಉತ್ತೀರ್ಣವಾದರೆ ಐದೈದು ವರ್ಷಗಳಿಗೆ ನವೀಕರಿಸಲಾಗುತ್ತದೆ. ಕರ್ನಾಟಕದಲ್ಲಿ ಇದರೊಂದಿಗೆ ಹಸಿರು ತೆರಿಗೆಯೂ ಸೇರುತ್ತದೆ. ಕೇಂದ್ರ ಸರ್ಕಾರವು 2022ರ ಏಪ್ರಿಲ್ 1ರಿಂದ ಕಾರುಗಳ ನವೀಕರಣ ಶುಲ್ಕವನ್ನು 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಿತು. 2025ರ ಆಗಸ್ಟ್‌ನ ಅಧಿಸೂಚನೆಯು 20 ವರ್ಷ ಮೀರಿದ ಕಾರುಗಳಿಗೆ ಅದನ್ನು 10,000 ರೂಪಾಯಿಗಳಿಗೆ ನಿಗದಿಪಡಿಸಿತು. ಕೊನೆಯ ಕಾಂಟೆಸ್ಸಾ ಕೂಡ 2002ರದ್ದಾದುದರಿಂದ ಎಲ್ಲ ಕಾಂಟೆಸ್ಸಾಗಳೂ ಈ ವರ್ಗಕ್ಕೆ ಸೇರುತ್ತವೆ. 2021ರ ಜುಲೈನಲ್ಲಿ ಪ್ರಕಟವಾದ ವಿಂಟೇಜ್ ವಾಹನಗಳ ನಿಯಮವು 50 ವರ್ಷ ದಾಟಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ; ಅತಿ ಹಳೆಯ ಕಾಂಟೆಸ್ಸಾಕ್ಕೂ ಆ ಅರ್ಹತೆ 2034ಕ್ಕಿಂತ ಮೊದಲು ದೊರೆಯದು.

ತಯಾರಕರು ನಿಗದಿಪಡಿಸಿದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ಅದೇ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಎಂಜಿನ್ ಬದಲಾಯಿಸುವ ಆಲೋಚನೆಯಿದ್ದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು. ಕೆಲಸ ಮುಗಿದ ಮೇಲೆ ವಿಚಾರಿಸುವುದು ಗೋಡೆ ಎದ್ದ ಮೇಲೆ ನಕ್ಷೆ ಬರೆದಂತೆ.

ಬಿಚ್ಚುವ ಮುನ್ನ ತಪಾಸಣೆ

ಬಹುಕಾಲ ನಿಂತ ಎಂಜಿನನ್ನು ಹೊಸ ಬ್ಯಾಟರಿ ತಂದು ಒಮ್ಮೆಲೇ ತಿರುಗಿಸುವುದು ಸಾಮಾನ್ಯವಾಗಿ ನಡೆಯುವ ಮೊದಲ ತಪ್ಪು. ಸಿಲಿಂಡರಿನ ಗೋಡೆಗೆ ಅಂಟಿದ ರಿಂಗುಗಳು ಮುರಿಯಬಹುದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಕಾಯ್ದು, ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಹಳೆಯ ಪೆಟ್ರೋಲ್, ಎಂಜಿನ್ ಎಣ್ಣೆ ಮತ್ತು ರೇಡಿಯೇಟರಿನ ನೀರನ್ನು ಬದಲಿಸಿದ ಅನಂತರವೇ ಚಾಲನೆಯ ಮಾತು.

ಎಂಜಿನು ತಿರುಗತೊಡಗಿದ ಮೇಲೆ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆದು ಬರೆದಿಡಬೇಕು. ಅಂಕಿ ಎಷ್ಟು ಎಂಬುದಕ್ಕಿಂತ ಸಿಲಿಂಡರುಗಳ ನಡುವಣ ಅಂತರ ಮುಖ್ಯ. ಸರಿಸುಮಾರು ಶೇ. 10ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಕಾರಣ ಹುಡುಕಬೇಕು. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗು ಅಥವಾ ಬೋರಿನಲ್ಲಿದೆ; ಏರದಿದ್ದರೆ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಇಷ್ಟು ಸರಳವಾದ ಪರೀಕ್ಷೆಯನ್ನು ಮಾಡದೆ ಎಂಜಿನನ್ನು ಕೆಳಗಿಳಿಸುವುದರಿಂದ ಚೆನ್ನಾಗಿದ್ದುದೂ ಕೆಡುತ್ತದೆ.

ತಪಾಸಣೆಯ ಫಲಿತಾಂಶವನ್ನು ಒಂದು ವಹಿಯಲ್ಲಿ ಬರೆಯಬೇಕು. ಪ್ರತಿ ಭಾಗವನ್ನು ತೆಗೆಯುವ ಮುನ್ನ ಭಾವಚಿತ್ರ ತೆಗೆಯಬೇಕು. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯದೆ ಭಾಗವಾರು ಚೀಲಗಳಲ್ಲಿ ಚೀಟಿ ಸಹಿತ ಇಡಬೇಕು. ಅಂಗಡಿಯ ದಾಸ್ತಾನು ವಹಿಯನ್ನು ಬರೆಯುವವರಿಗೆ ಇದು ಹೊಸತಲ್ಲ. ಮನೆಯ ಕೆಲಸವೆಂಬ ಸಲಿಗೆಯಿಂದ ಇದನ್ನು ಕೈಬಿಟ್ಟವರು ಎರಡು ವರ್ಷಗಳ ಅನಂತರ ಯಾವ ಬೋಲ್ಟು ಎಲ್ಲಿಯದೆಂದು ತಿಳಿಯದೆ ಕೈಚೆಲ್ಲುತ್ತಾರೆ.

ಒಂದು ಎಚ್ಚರಿಕೆ ಅವಶ್ಯಕ. ಖಾನಾಪುರದಲ್ಲಿ ಇಟ್ಟಿಗೆ ಸುಲಭವಾಗಿ ಸಿಗುತ್ತದೆಂದು ಕಾರನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಬಾರದು. ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಇಟ್ಟಿಗೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಜ್ಯಾಕ್ ಎತ್ತುವುದಕ್ಕೆ ಮಾತ್ರ. ಕೆಳಗೆ ಮಲಗಿ ಕೆಲಸ ಮಾಡುವಾಗ ಉಕ್ಕಿನ ಸ್ಟ್ಯಾಂಡುಗಳೇ ಬೇಕು.

ಹಂತಗಳ ಕ್ರಮ

ಹೆಚ್ಚಿನವರು ಬಣ್ಣದಿಂದ ಅಥವಾ ಎಂಜಿನಿನಿಂದ ಆರಂಭಿಸುತ್ತಾರೆ. ಸರಿಯಾದ ಕ್ರಮ ಬೇರೆ: ಮೊದಲು ನಿಲ್ಲುವುದು, ಅನಂತರ ಓಡುವುದು, ಅನಂತರ ಗಟ್ಟಿಯಾಗುವುದು, ಕಡೆಗೆ ಹೊಳೆಯುವುದು. ಪ್ರತಿ ಹಂತದ ಕೊನೆಯಲ್ಲಿ ಕಾರು ತನ್ನ ಚಕ್ರಗಳ ಮೇಲೆ ನಿಂತಿರಬೇಕು. ಸಾಧ್ಯವಾದರೆ ಅಂಗಳದಲ್ಲಿ ಚಲಿಸುವಂತಿರಬೇಕು. ಚಲಿಸುವ ಕಾರಿನ ಮೇಲೆ ಮನೆಯವರಿಗೆ ವಿಶ್ವಾಸವಿರುತ್ತದೆ, ಮಾಲೀಕರಿಗೆ ಉತ್ಸಾಹವಿರುತ್ತದೆ. ಅನಿವಾರ್ಯವಾಗಿ ಮಾರಬೇಕಾಗಿ ಬಂದರೂ ಅದಕ್ಕೆ ಒಂದು ಬೆಲೆಯಿರುತ್ತದೆ.

1. ಬ್ರೇಕ್: ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ರಬ್ಬರ್ ಕೊಳವೆಗಳು ಮತ್ತು ಉಕ್ಕಿನ ನಾಳಗಳನ್ನು ಪೂರ್ತಿಯಾಗಿ ಪರಿಶೀಲಿಸಬೇಕು. ಬ್ರೇಕ್ ದ್ರವವು ಗಾಳಿಯಿಂದ ತೇವವನ್ನು ಹೀರುತ್ತದೆ. ಆ ತೇವವೇ ಸಿಲಿಂಡರಿನ ಒಳಗೋಡೆಯನ್ನು ತುಕ್ಕುಹಿಡಿಸಿ ಗುಳಿ ಬೀಳಿಸುತ್ತದೆ. ಗುಳಿಬಿದ್ದ ಸಿಲಿಂಡರಿಗೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಉಕ್ಕಿನ ತೋಳು ಕೂರಿಸುವುದು ಬೆಳಗಾವಿಯ ಯಂತ್ರಾಗಾರಗಳಿಗೆ ಕಷ್ಟದ ಕೆಲಸವಲ್ಲ.

ಆದರೆ ಹೈಡ್ರಾಲಿಕ್ ಉಪಕರಣಗಳಿಗೆ ಪ್ರಸಿದ್ಧವಾದ ಈ ನಗರದಲ್ಲಿಯೇ ಒಂದು ವಿಶೇಷ ಅಪಾಯವಿದೆ. ಕೈಗೆ ಸುಲಭವಾಗಿ ಸಿಗುವ ನೈಟ್ರೈಲ್ ರಬ್ಬರಿನ ಸೀಲುಗಳು ಖನಿಜ ತೈಲಕ್ಕೆ ಯೋಗ್ಯವಾದವು. ಡಾಟ್ 3 ಮತ್ತು ಡಾಟ್ 4 ಬ್ರೇಕ್ ದ್ರವಗಳು ಗ್ಲೈಕಾಲ್ ಜಾತಿಯವು. ಅವುಗಳಲ್ಲಿ ನೈಟ್ರೈಲ್ ಸೀಲು ಬಾಳುವುದಿಲ್ಲ, ಇಪಿಡಿಎಂ ಸೀಲು ಬೇಕು. ಇದಕ್ಕೆ ವಿರುದ್ಧವಾಗಿ, ಇಪಿಡಿಎಂ ಸೀಲಿಗೆ ಒಂದಿಷ್ಟು ಹೈಡ್ರಾಲಿಕ್ ತೈಲ ತಗಲಿದರೂ ಅದು ಉಬ್ಬಿ ಬ್ರೇಕನ್ನು ಕಚ್ಚಿಹಿಡಿಸುತ್ತದೆ. ಎರಡು ಸೀಲುಗಳೂ ಕಪ್ಪು, ಎರಡೂ ಒಂದೇ ಅಳತೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಘಟ್ಟದ ಇಳಿಜಾರಿನಲ್ಲಿ ತಿಳಿಯುತ್ತದೆ.

2. ಇಂಧನ: 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ನೀಡಲಾಯಿತು. 2025ರ ವೇಳೆಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೂ ಕಬ್ಬು ಬೆಳೆಗಾರರಿಗೂ ಎಥನಾಲ್ ಆದಾಯದ ಮೂಲವಾಗಿದೆ. ಅದೇ ಎಥನಾಲ್ ಹಳೆಯ ಕಾರಿನ ರಬ್ಬರ್ ಕೊಳವೆ, ಬೆಂಡಿನ ಗ್ಯಾಸ್ಕೆಟ್ ಮತ್ತು ಪಂಪಿನ ಪದರಗಳನ್ನು ಮೆದುಗೊಳಿಸುತ್ತದೆ. ತೇವವನ್ನು ಹೀರಿ, ಟ್ಯಾಂಕನ್ನೂ ಕಾರ್ಬ್ಯುರೇಟರಿನ ಸತು ಮಿಶ್ರಲೋಹವನ್ನೂ ಕೊರೆಯುತ್ತದೆ. ಆದುದರಿಂದ ಎಥನಾಲ್ ಸಹಿಸುವ ದರ್ಜೆಯ ಕೊಳವೆಗಳನ್ನೂ ಫ್ಲೋರೋ ರಬ್ಬರಿನ ಸೀಲುಗಳನ್ನೂ ಅಳವಡಿಸಬೇಕು. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಮಿಶ್ರಣ ತೆಳುವಾಗುತ್ತದೆ; ಕಾರ್ಬ್ಯುರೇಟರಿನ ಮುಖ್ಯ ಜೆಟ್ಟನ್ನು ಸ್ವಲ್ಪ ದೊಡ್ಡದಾಗಿಸಬೇಕಾಗಬಹುದು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವುದು ಕ್ಷೇಮ.

3. ತುಕ್ಕು: ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಖಾನಾಪುರ ತಾಲ್ಲೂಕಿನಲ್ಲಿ, ವಿಶೇಷವಾಗಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ, ಮಳೆ ವಿಪರೀತ. ಸುಮಾರು 26 ಕಿಲೋಮೀಟರ್ ದೂರದ ಬೆಳಗಾವಿ ನಗರದಲ್ಲಿಯೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯ ತೇವ ಇಳಿಯುವುದಿಲ್ಲ. ಮಳೆ ನೇರವಾಗಿ ಬೀಳದಿದ್ದರೂ ಬರಿಯ ಉಕ್ಕಿಗೆ ಈ ತೇವವೇ ಸಾಕು. ಪ್ಲಾಸ್ಟಿಕ್ ಟಾರ್ಪಾಲು ಕಾರಿಗೆ ತಾಗುವಂತೆ ಹೊದಿಸಿದರೆ ತೇವ ಒಳಗೇ ಉಳಿದು ಹಾನಿ ಹೆಚ್ಚುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆಯೂ ನೆಲದಿಂದ ಎತ್ತರವೂ ಬೇಕು.

ಬಾಗಿಲ ಕೆಳಗಿನ ಸಿಲ್ಲುಗಳು, ಕಾಲಿಡುವ ನೆಲ, ಚಕ್ರದ ಕಮಾನುಗಳು ಮತ್ತು ಡಿಕ್ಕಿಯ ತಳಭಾಗವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಕೊಳೆತ ತಗಡನ್ನು ಗಟ್ಟಿ ಲೋಹದವರೆಗೆ ಕತ್ತರಿಸಿ, 0.8ರಿಂದ 1 ಮಿಲಿಮೀಟರ್ ದಪ್ಪದ ಹೊಸ ತಗಡನ್ನು ಬೆಸೆಯಬೇಕು. ತುಕ್ಕಿನ ಮೇಲೆ ಪುಟ್ಟಿ ಬಳಿಯುವುದು ರೋಗವನ್ನು ಮುಚ್ಚಿಡುವುದಷ್ಟೆ. ಎರಡೂ ಬದಿಯ ಸಿಲ್ಲುಗಳನ್ನು ಒಟ್ಟಿಗೆ ಕತ್ತರಿಸಬಾರದು. ಬಾಗಿಲ ಚೌಕಟ್ಟಿಗೆ ಅಡ್ಡಸಲಾಕೆಗಳನ್ನು ಬೆಸೆದು, ಕರ್ಣಗಳ ಅಳತೆ ಬರೆದುಕೊಂಡು, ಒಂದು ಬದಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಅಳತೆ ಮೂರು ನಾಲ್ಕು ಮಿಲಿಮೀಟರ್ ತಪ್ಪಿದರೂ ಬಾಗಿಲು ಮುಂದೆಂದೂ ಸರಿಯಾಗಿ ಕೂರದು. ಬೆಸುಗೆಗೆ ಮುನ್ನ ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಕಾರಿನಿಂದ ಹೊರಗಿಡಬೇಕು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹೆಚ್ಚು ಸಿಡಿಯಬಲ್ಲದು.

4. ಎಂಜಿನು: ಒತ್ತಡದ ಪರೀಕ್ಷೆ ಕೇಳಿದರೆ ಮಾತ್ರ ಎಂಜಿನನ್ನು ಬಿಚ್ಚಬೇಕು. ಬೋರ್ ಸಾಮಾನ್ಯವಾಗಿ ಮೇಲ್ತುದಿಯಲ್ಲಿ ಹೆಚ್ಚು ಸವೆಯುತ್ತದೆ. ಮೇಲೆ, ನಡುವೆ, ಕೆಳಗೆ ಎರಡೆರಡು ದಿಕ್ಕಿನಲ್ಲಿ ಅಳೆದು ಓರೆಯನ್ನೂ ಅಂಡಾಕಾರವನ್ನೂ ಬರೆದುಕೊಳ್ಳಬೇಕು. ಇಲ್ಲಿ ಕೆಲಸದ ಕ್ರಮ ಗಮನಾರ್ಹ: ಮೊದಲು ದೊರೆಯುವ ಪಿಸ್ಟನ್ ಮತ್ತು ಬೇರಿಂಗುಗಳ ಅಳತೆಯನ್ನು ಖಚಿತಪಡಿಸಿಕೊಂಡು, ಅವುಗಳನ್ನು ಕೈಯಲ್ಲಿ ಹಿಡಿದ ಅನಂತರವೇ ಬೋರನ್ನು ಕೊರೆಸಬೇಕು, ಕ್ರ್ಯಾಂಕ್‌ಶಾಫ್ಟನ್ನು ಉಜ್ಜಿಸಬೇಕು. 0.50 ಮಿಲಿಮೀಟರ್ ಕೊರೆಸಿದ ಮೇಲೆ ಆ ಅಳತೆಯ ಪಿಸ್ಟನ್ ಎಲ್ಲಿಯೂ ಇಲ್ಲವೆಂದು ತಿಳಿದರೆ ಆ ಬ್ಲಾಕು ನಿಷ್ಪ್ರಯೋಜಕ. ಕ್ರ್ಯಾಂಕ್‌ಶಾಫ್ಟ್ ಉಜ್ಜುವಾಗ ಜರ್ನಲ್ಲಿನ ಮೂಲೆಯ ದುಂಡನ್ನು ಉಳಿಸಬೇಕು. ಅಲ್ಲಿ ಚೂಪು ಮೂಲೆ ಬಿದ್ದರೆ ಮುಂದೆ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ.

ಹಳೆಯ ಬೀಡುಕಬ್ಬಿಣದ ಹೆಡ್ಡುಗಳು ಸೀಸಯುಕ್ತ ಪೆಟ್ರೋಲಿನ ಕಾಲದವು. ದೇಶದಲ್ಲಿ 2000ದ ಫೆಬ್ರವರಿ 1ರಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ಹೆಡ್ಡು ಹೇಗೂ ಕೆಳಗಿಳಿದಿದ್ದರೆ ಎಕ್ಸಾಸ್ಟ್ ವಾಲ್ವುಗಳಿಗೆ ಗಡುಸಾದ ಆಸನಗಳನ್ನು ಕೂರಿಸುವುದು ಲೇಸು.

5. ಬಣ್ಣ: ಎಲ್ಲಕ್ಕೂ ಕೊನೆಯದು. ಬರಿಯ ಲೋಹಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾದ ಪುಟ್ಟಿ. ಪುಟ್ಟಿ ತೇವವನ್ನು ಹೀರುವುದರಿಂದ ಅದು ನೇರವಾಗಿ ಲೋಹಕ್ಕೆ ತಾಗದಿರುವುದು ಒಳಿತು. ಗಟ್ಟಿಕಾರಕ ಬೆರೆಸುವ ಪಾಲಿಯುರೆಥೇನ್ ಬಣ್ಣದ ಆವಿಯಲ್ಲಿ ಐಸೊಸಯನೇಟುಗಳಿದ್ದು, ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲವು. ಸಾಮಾನ್ಯ ಮುಖವಾಡ ಇದಕ್ಕೆ ಸಾಲದು. ಆದುದರಿಂದ ಉಳಿದೆಲ್ಲವನ್ನೂ ಮನೆಯಲ್ಲಿ ಮಾಡಿದರೂ ಈ ಒಂದು ಕೆಲಸವನ್ನು ವ್ಯವಸ್ಥಿತ ಬಣ್ಣದ ಕೊಠಡಿಯಿರುವವರಿಗೆ ಒಪ್ಪಿಸುವುದು ವಿವೇಕ.

ಬೆಳಗಾವಿಯ ವರ್ಷಚಕ್ರ

ಪಾಶ್ಚಾತ್ಯ ಕೈಪಿಡಿಗಳು ಚಳಿಗಾಲದಲ್ಲಿ ಕಾರನ್ನು ಬಿಚ್ಚಿ ಬೇಸಿಗೆಯಲ್ಲಿ ಓಡಿಸಲು ಹೇಳುತ್ತವೆ. ಈ ಭಾಗಕ್ಕೆ ಹೊಂದುವ ಪಂಚಾಂಗ ಬೇರೆ.

ಅಕ್ಟೋಬರ್ ಮತ್ತು ನವೆಂಬರ್: ತಪಾಸಣೆ, ಆ ವರ್ಷದ ಒಂದೇ ಒಂದು ದೊಡ್ಡ ಕೆಲಸದ ಆಯ್ಕೆ, ಬಿಡಿಭಾಗಗಳ ಸಂಗ್ರಹ.

ಡಿಸೆಂಬರಿನಿಂದ ಫೆಬ್ರವರಿ: ಒಣಹವೆಯ ಕಾಲ. ತಗಡಿನ ಕೆಲಸ, ಬೆಸುಗೆ, ಪ್ರೈಮರ್ ಮತ್ತು ಬಣ್ಣ. ಅಂದು ಬರಿದಾದ ಲೋಹಕ್ಕೆ ಅಂದೇ ಪ್ರೈಮರ್.

ಮಾರ್ಚಿನಿಂದ ಮೇ: ಮರುಜೋಡಣೆ ಮತ್ತು ಪರೀಕ್ಷಾರ್ಥ ಚಾಲನೆ. ಬೇಸಿಗೆಯ ಬಿಸಿಲು ರೇಡಿಯೇಟರಿನ ನಿಜವಾದ ಪರೀಕ್ಷೆ. ವಿಮೆ, ನೋಂದಣಿಗಳು ಕ್ರಮಬದ್ಧವಾಗಿರುವಾಗ ಬೆಳಗಾವಿ ಮತ್ತು ಖಾನಾಪುರಗಳ ನಡುವಣ ರಸ್ತೆ ಇದಕ್ಕೆ ತಕ್ಕುದು. ಘಟ್ಟದ ಇಳಿಜಾರಿಗೆ ಬ್ರೇಕಿನ ಮೇಲೆ ಪೂರ್ಣ ಭರವಸೆ ಬಂದ ಅನಂತರವೇ ಹೋಗಬೇಕು.

ಜೂನಿನಿಂದ ಸೆಪ್ಟೆಂಬರ್: ಕಾರು ಮುಚ್ಚಿದ ಸ್ಥಿತಿಯಲ್ಲಿ ನಿಂತಿರಬೇಕು. ಮೇಜಿನ ಮೇಲೆ ಮಾಡಬಹುದಾದ ಕಾರ್ಬ್ಯುರೇಟರ್, ಸ್ಟಾರ್ಟರ್, ಆಲ್ಟರ್ನೇಟರ್, ವೈಪರ್ ಮೋಟಾರು, ಸೀಟಿನ ಹೊದಿಕೆ ಇತ್ಯಾದಿ ಸಣ್ಣ ಕೆಲಸಗಳಿಗೆ ಇದು ಸಕಾಲ.

ಹೀಗೆ ವರ್ಷಕ್ಕೊಂದು ದೊಡ್ಡ ಕೆಲಸದಂತೆ ಸಾಗಿದರೆ ನಾಲ್ಕೈದು ವರ್ಷಗಳಾಗುತ್ತವೆ. ಆದರೆ ಆ ಅವಧಿಯ ಹೆಚ್ಚಿನ ಭಾಗದಲ್ಲಿ ಕಾರು ಕಾರಾಗಿಯೇ ಇರುತ್ತದೆ.

ಸಣ್ಣ ತಯಾರಕರಿಗೆ ಇದರಲ್ಲೇನಿದೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೂ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳು ರಸ್ತೆಯಿಂದ ಮರೆಯಾಗಲಿಲ್ಲ. ಮಾಲೀಕರು ಸಂಘಟಿತರಾದರು, ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಸೇರತೊಡಗಿದರು. ಬೇಡಿಕೆ ಒಂದೆಡೆ ಕಂಡಾಗ ಸಣ್ಣ ತಯಾರಕರು ಬಿಡಿಭಾಗಗಳನ್ನು ಪೂರೈಸಿದರು. ಮೂಲ ಕಾರ್ಖಾನೆ ಮುಚ್ಚಿದ ಮೇಲೆ ಒಂದು ಯಂತ್ರದ ಆಯುಷ್ಯ ನಿರ್ಧಾರವಾಗುವುದು ಇಂತಹ ಸಣ್ಣ ತಯಾರಕರ ಕೈಯಲ್ಲಿ. ಎರಕ, ಯಂತ್ರಗಾರಿಕೆ ಮತ್ತು ಹೈಡ್ರಾಲಿಕ್ ಮೂರೂ ಒಂದೇ ಊರಿನಲ್ಲಿರುವ ಬೆಳಗಾವಿಗೆ ಈ ಕೆಲಸದ ಸಾಮರ್ಥ್ಯವಿದೆ.

ಲೆಕ್ಕವನ್ನು ಮಾತ್ರ ಸರಿಯಾಗಿ ಮಾಡಬೇಕು. ಒಂದು ಎರಕದ ಭಾಗದ ಪ್ಯಾಟರ್ನಿಗೆ 12,000 ರೂಪಾಯಿ, ಪ್ರತಿ ನಗದ ಎರಕ ಮತ್ತು ಯಂತ್ರಗಾರಿಕೆಗೆ 900 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯಬಹುದು. ಒಂದೇ ನಗ ಮಾಡಿದರೆ ಅದರ ವೆಚ್ಚ 12,900 ರೂಪಾಯಿ. 20 ನಗ ಮಾಡಿದರೆ ತಲಾ 1,500 ರೂಪಾಯಿ. ಆದುದರಿಂದ ಅದೇ ಕಾರಿನ ಇತರ ಮಾಲೀಕರನ್ನು ಮೊದಲೇ ಸಂಪರ್ಕಿಸಿ, ಮುಂಗಡ ಸಹಿತ ಬೇಡಿಕೆಯನ್ನು ಒಟ್ಟುಗೂಡಿಸಿದ ಅನಂತರವೇ ಪ್ಯಾಟರ್ನ್ ಮಾಡಿಸಬೇಕು.

ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ಯುವುದು ಇನ್ನೊಂದು ಸಾಮಾನ್ಯ ತಪ್ಪು. ಬೂದು ಬೀಡುಕಬ್ಬಿಣ ಆರುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ, ಅಲ್ಯೂಮಿನಿಯಂ ಇನ್ನೂ ಸ್ವಲ್ಪ ಹೆಚ್ಚು. 200 ಮಿಲಿಮೀಟರಿನ ಭಾಗ ಎರಡು ಮಿಲಿಮೀಟರ್ ಕಿರಿದಾಗಿ ಬರುತ್ತದೆ. ಮೂಲಭಾಗದ ಸವೆತ ಅದಕ್ಕೆ ಸೇರುತ್ತದೆ. ಯಂತ್ರಗಾರಿಕೆಗೆ ಬೇಕಾದ ಹೆಚ್ಚುವರಿ ಲೋಹ ಇರುವುದೇ ಇಲ್ಲ. ಫೌಂಡ್ರಿಯಲ್ಲಿ ದಿನನಿತ್ಯ ಪಾಲಿಸುವ ನಿಯಮವನ್ನು ಸ್ನೇಹಕ್ಕಾಗಿ ಮಾಡುವ ಒಂದು ನಗದಲ್ಲಿ ಮರೆಯಬಾರದು.

ಏನನ್ನು ಮಾಡಬಾರದು ಎಂಬುದೂ ಅಷ್ಟೇ ಮುಖ್ಯ. ನೀರಿನ ಪಂಪಿನ ಕವಚ, ಬ್ರಾಕೆಟ್ಟು, ಬುಷ್ಷು, ಕೀಲು, ಅಲಂಕಾರದ ಪಟ್ಟಿ ಇವುಗಳನ್ನು ಧೈರ್ಯವಾಗಿ ತಯಾರಿಸಬಹುದು. ಸ್ಟಿಯರಿಂಗ್ ತೋಳು, ಚಕ್ರದ ಸ್ಟಬ್, ಸಸ್ಪೆನ್ಷನ್ ತೋಳುಗಳನ್ನು ವಸ್ತುಪರೀಕ್ಷೆ ಮತ್ತು ಬಿರುಕು ಪರೀಕ್ಷೆಗಳಿಲ್ಲದೆ ತಯಾರಿಸಿ ಮಾರುವುದು ಪ್ರಾಣದೊಂದಿಗಿನ ವ್ಯಾಪಾರ. ಮೂಲ ತಯಾರಕರ ಹೆಸರನ್ನಾಗಲಿ ಲಾಂಛನವನ್ನಾಗಲಿ ಅಚ್ಚೊತ್ತಿ ಮಾರುವುದು ವ್ಯಾಪಾರ ಚಿಹ್ನೆಗಳ ಕಾಯ್ದೆ, 1999ರ ಉಲ್ಲಂಘನೆ. ಕಾಂಟೆಸ್ಸಾ ಎಂಬ ಹೆಸರೇ 2022ರಲ್ಲಿ ಮಾರಾಟವಾಗಿ ಬೇರೆ ಸಂಸ್ಥೆಯ ಕೈಸೇರಿದೆ; ಕಾರು ನಿಂತಿದೆಯೆಂದರೆ ಹೆಸರು ಅನಾಥವಾಗಿದೆ ಎಂದರ್ಥವಲ್ಲ. ತಯಾರಕರು ತಮ್ಮ ಹೆಸರಿನಲ್ಲಿಯೇ ಮಾರಲಿ.

ವಹಿ ಮತ್ತು ವಿವೇಕ

ಮನೆಯ ಕಾರಿನ ವೆಚ್ಚವನ್ನು ವ್ಯವಹಾರದ ಖಾತೆಗೆ ಹಾಕುವ ಆಸೆ ಸಹಜ. ಆದರೆ ವೈಯಕ್ತಿಕ ಬಳಕೆಗಾಗಿ ಕೊಂಡ ಸರಕು ಮತ್ತು ಸೇವೆಗಳ ಮೇಲೆ ಜಿಎಸ್‌ಟಿ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಪ್ರತ್ಯೇಕ ವಹಿ, ಪ್ರತ್ಯೇಕ ಹಣ ಇರಲಿ. ತಿಂಗಳಿಗೆ ಇಷ್ಟೆಂದು ನಿಗದಿಪಡಿಸಿದ ಮೊತ್ತ ದಾಟಬಾರದು. ವಹಿಯಲ್ಲಿ ತಪಾಸಣೆಯ ಪಟ್ಟಿಯ ಮೇಲೆ ಅಂದಾಜು ಬರೆದು, ತುಕ್ಕು ಹಿಡಿದ ಕಾರಿಗೆ ಅದರ ಅರ್ಧದಷ್ಟನ್ನು ಅನಿರೀಕ್ಷಿತಕ್ಕೆಂದು ಸೇರಿಸುವುದು ಸುರಕ್ಷಿತ.

ಈ ವೆಚ್ಚ ಮಾರಾಟದಲ್ಲಿ ಮರಳಿ ಬರುತ್ತದೆಂದು ಎಣಿಸಬಾರದು. ಜೀರ್ಣೋದ್ಧಾರದ ವೆಚ್ಚ ಕಾರಿನ ಮಾರುಕಟ್ಟೆ ಬೆಲೆಯನ್ನು ಮೀರುವುದೇ ಹೆಚ್ಚು. ಆದುದರಿಂದ ಮೊದಲ ತಪಾಸಣೆಯ ದಿನವೇ ಒಂದು ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ದೇಹದ ಮುಖ್ಯ ಅಂಗಗಳೆಲ್ಲ ಕೊಳೆತಿದ್ದರೆ, ಕಾಗದಪತ್ರಗಳು ಸರಿಪಡಿಸಲಾರದಂತಿದ್ದರೆ, ಕಾರನ್ನು ಬಿಡಿಭಾಗಗಳಿಗಾಗಿ ಇನ್ನೊಬ್ಬ ಮಾಲೀಕರಿಗೆ ಕೊಟ್ಟು, ಚಾಸಿಸ್ ಸಂಖ್ಯೆಯನ್ನು ಕಾನೂನುಬದ್ಧವಾಗಿ ರದ್ದುಪಡಿಸುವುದೇ ಮೇಲು. ಒಂದು ಕಾರು ಹೋಗಿ ಇನ್ನೊಂದು ಕಾರು ಉಳಿದರೆ ಅದೂ ಜೀರ್ಣೋದ್ಧಾರವೇ.

ಖಾನಾಪುರದ ಗೋದಾಮಿನ ಕಾರಿಗೆ ಮರಳಿ ಬಂದರೆ, ಮೊದಲ ವರ್ಷ ಅದರಲ್ಲಿ ಬ್ರೇಕ್ ಮತ್ತು ಇಂಧನ ವ್ಯವಸ್ಥೆಗಳು ಮಾತ್ರ ದುರಸ್ತಿಯಾಗುತ್ತವೆ. ಬಣ್ಣ ಮಾಸಿಯೇ ಇರುತ್ತದೆ, ಸೀಟು ಹರಿದೇ ಇರುತ್ತದೆ. ನೋಡುವವರಿಗೆ ಏನೂ ಆಗಿಲ್ಲವೆನಿಸಬಹುದು. ಆದರೆ ಮೇ ತಿಂಗಳ ಒಂದು ಸಂಜೆ ಎಂಜಿನು ಚಾಲೂ ಆಗಿ, ಕಾರು ತನ್ನ ಬಲದಿಂದಲೇ ಗೋದಾಮಿನಿಂದ ಅಂಗಳಕ್ಕೆ ಬಂದು, ಬ್ರೇಕ್ ಒತ್ತಿದಾಗ ನೆಟ್ಟಗೆ ನಿಲ್ಲುತ್ತದೆ. ಅದನ್ನು ಕೊಂಡವರ ಮೊಮ್ಮಕ್ಕಳು ಅದು ಚಲಿಸುವುದನ್ನು ಮೊದಲ ಬಾರಿಗೆ ನೋಡುತ್ತಾರೆ. ಜೂನಿನ ಮೊದಲ ಮಳೆಗೆ ಅದು ಬಾಗಿಲು, ಚಕ್ರ, ಗಾಜುಗಳೆಲ್ಲ ಇರುವ ಪೂರ್ಣ ಕಾರಾಗಿ ಒಳಗೆ ಹೋಗುತ್ತದೆ. ಅಕ್ಟೋಬರಿನಲ್ಲಿ ಹಾಗೆಯೇ ಹೊರಗೆ ಬರುತ್ತದೆ.